ಐದು ನಿಮಿಷ ಅಂದವಳು

ಬೈರಮಂಗಲ
2 ಡಿಸೆಂಬರ್ 2024

ಮಾನ್ಯ ಕರಿಯಪ್ಪ ಸರ್ ಅವರಿಗೆ,

ನಮಸ್ಕಾರ. ನನ್ನ ಪರಿಚಯ ನಿಮಗಿಲ್ಲ. ಹೆಸರು ಚೈತ್ರಾ. ನಿಮ್ಮ ಅಕ್ಕೂರಿನಿಂದ ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲಿರುವ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೇನೆ. ‘ಓದುತ್ತಿದ್ದೆ’ ಅಂತ ಬರೆಯುವುದೇ ಸರಿಯೇನೋ. ಹೋದ ವಾರ ನನ್ನನ್ನೂ ಇನ್ನಿಬ್ಬರನ್ನೂ ಅಮಾನತು ಮಾಡಿದ್ದಾರೆ. ನವೆಂಬರ್ ಹತ್ತೊಂಬತ್ತರಂದು ಕಾಲೇಜಿನ ಮುಂದೆ ರಸ್ತೆಯಲ್ಲಿ ಕೂತವರಲ್ಲಿ ನಾನೂ ಒಬ್ಬಳು.

ಪತ್ರಿಕೆಯ ಓದುಗರ ಅಂಕಣದಲ್ಲಿ ನಿಮ್ಮ ಪತ್ರ ಓದಿದೆ. ‘ನನ್ನ ಹೆಂಡತಿಯ ಸಾವಿಗೆ ಉತ್ತರ ಹೇಳುವವರು ಯಾರು?’ ಅಂತ ಮೇಲೆ ದಪ್ಪಕ್ಷರದಲ್ಲಿ ಹಾಕಿದ್ದರು. ಆ ದಿನ ವಾಹನಗಳ ಸಾಲಿನಲ್ಲಿ ನಿಮ್ಮ ಮನೆಯವರು ಕೆಂಚಮ್ಮನವರು ಇದ್ದರು ಅನ್ನುವುದು ಮುಂದೆ ಕೂತಿದ್ದ ನಮಗೆ ಗೊತ್ತಿರಲಿಲ್ಲ. ಆಂಬುಲೆನ್ಸ್ ಬಂದರೆ ಬಿಡಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ನೀವು ಓಮ್ನಿ ವ್ಯಾನಿನಲ್ಲಿ ಬಂದಿದ್ದಿರಂತೆ, ಹಿಂದೆ ನಾಲ್ಕನೆಯದೋ ಐದನೆಯದೋ ಗಾಡಿ.

ನಿಮ್ಮ ಪತ್ರ ಬಂದ ಮೇಲೆ ದಿನಾ ಆ ಅಂಕಣದಲ್ಲಿ ನಮ್ಮದೇ ಮಾತು. ಬೀದಿಗಿಳಿದವರಿಗೆ ಡಿಗ್ರಿ ಯಾಕೆ ಅಂತ ಒಬ್ಬರು. ಮಕ್ಕಳು ಕೇಳಿದ್ದು ಒಂದು ಬಸ್ಸು, ಸಿಂಹಾಸನವನ್ನಲ್ಲ ಅಂತ ನಿವೃತ್ತ ಮೇಷ್ಟರೊಬ್ಬರು. ಬರೆದವರು ಯಾರೂ ಆ ದಿನ ರಸ್ತೆಯಲ್ಲಿ ಇದ್ದವರಲ್ಲ. ಇದ್ದವರು ನೀವು, ನಾವು. ಅದಕ್ಕೇ ನೇರವಾಗಿ ನಿಮಗೆ ಬರೆಯೋಣ ಅನ್ನಿಸಿತು.

ನನ್ನ ಹತ್ತಿರ ಫೋನಿಲ್ಲ. ಯಾರೋ ನಮ್ಮ ವಿಡಿಯೋ ಹಾಕಿ ನಂಬರನ್ನೂ ಹಾಕಿಬಿಟ್ಟರು. ಬಂದ ಕರೆಗಳನ್ನು ಕೇಳಿ ಅಪ್ಪ ಫೋನು ಕಿತ್ತುಕೊಂಡು, ನನ್ನನ್ನು ಇಲ್ಲಿ ಸೋದರತ್ತೆಯ ಮನೆಯಲ್ಲಿ ಬಿಟ್ಟು ಹೋದರು.

ಕ್ಷಮಿಸಿ ಅಂತ ಬರೆದರೆ ಸಾಲದು ಅಂತ ಗೊತ್ತು. ಆದರೂ ಬರೆಯುತ್ತಿದ್ದೇನೆ.

ಇಂತಿ,
ಚೈತ್ರಾ ಎಂ.


ಅಕ್ಕೂರು
11-12-2024

ಚೈತ್ರಾ ಅನ್ನೋರಿಗೆ,

ನಿಮ್ಮ ಕಾಗದ ಬಂದು ನಾಕು ದಿನ ಆಯ್ತು. ಎರಡು ದಿನ ಒಡೀಲೇ ಇಲ್ಲ. ನಂಗೆ ಪುಸ್ತಕದ ಭಾಷೆ ಬರಲ್ಲ. ಪೇಪರ್ನಾಗೆ ಬಂದಿದ್ದು ನಾನು ಹೇಳಿದ್ದೇಯ, ಆದ್ರೆ ಅಂಗೆ ಬರ್ದಿದ್ದು ಪೇಪರ್ನೋನು.

ಸರ್ ಗಿರ್ ಅನ್ಬೇಡಿ. ನನ್ನ ಯಾರೂ ಸರ್ ಅಂದಿಲ್ಲ.

ಮೂವತ್ತೆಂಟು ವರ್ಸ ಬಾಳಾಟ ಮಾಡಿದೋಳು ಕಣ್ಮುಂದೆ ಹೋಗ್ಬುಟ್ಳು. ನಿಮ್ಮ ಕ್ಷಮೆ ಇಸ್ಕಂಡು ಎಲ್ಲಿಕ್ಕಲಿ? ನಿಮಗೆ ಬಸ್ಸು ಬೇಕಿದ್ರೆ ಡಿಪೋ ಮುಂದೆ ಕುಂತ್ಕಬೇಕಿತ್ತು. ರೋಡಲ್ಲಿ ಹೋಗೋರು ಏನು ಮಾಡಿದ್ರು?

ಒಂದು ಮಾತು ಕೇಳ್ತೀನಿ. ಗಾಡಿ ಓಡಿಸ್ತಿದ್ದೋನು ನಮ್ಮ ಪಕ್ಕದ ಬೀದಿ ಸಾಬೀರ. ಅವನು ಇಳಿದು ನಿಮ್ಮ ತಾವಕ್ಕೆ ಓಡೋಗಿ ‘ಪೇಶೆಂಟ್ ಅವ್ರೆ, ದಾರಿ ಬುಡಿ’ ಅಂತ ಕೇಳ್ಕಂಡಿದ್ದ. ಹಳದಿ ವೇಲು ಹಾಕಿದ್ದ ಒಂದು ಹುಡ್ಗಿ, ಕೈಯಾಗೆ ಮೈಕು, ‘ಐದು ನಿಮಿಷ ಅಣ್ಣ, ಆಫೀಸರ್ ಬತ್ತಾವ್ರೆ’ ಅಂದ್ಳಂತೆ. ಆ ಐದು ನಿಮಿಷ ಇಪ್ಪತ್ತೈದು ನಿಮಿಷ ಆಯ್ತು.

ಗೊತ್ತಿರಲಿಲ್ಲ ಅಂತೀರಲ್ಲ. ಆ ಹುಡ್ಗಿಗೆ ಗೊತ್ತಿತ್ತು. ಅವಳು ಯಾರು? ಅದೊಂದು ಹೇಳಿ. ಬೇರೆ ಏನೂ ಬರೀಬೇಡಿ.

ಕರಿಯಪ್ಪ


ಬೈರಮಂಗಲ
16 ಡಿಸೆಂಬರ್ 2024

ಕರಿಯಪ್ಪನವರಿಗೆ,

ನಿಮ್ಮ ಪ್ರಶ್ನೆ ಓದಿದೆ. ಆ ದಿನ ಮುನ್ನೂರು ಜನ ಇದ್ದೆವು. ಮೈಕು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಿತ್ತು. ಯಾರು ಯಾರಿಗೆ ಏನು ಹೇಳಿದರು ಅಂತ ಈಗ ಹೇಳುವುದು ಕಷ್ಟ.

ನಾವು ಯಾಕೆ ಕೂತೆವು ಅನ್ನುವುದನ್ನು ಮಾತ್ರ ಹೇಳಬಲ್ಲೆ. ಅಕ್ಕೂರು ರಸ್ತೆಯಲ್ಲಿ ಹುಣಸೆ ಮರದ ಹತ್ತಿರ ನಮ್ಮೂರಿಗೆ ಇಳಿಯುವ ಗೇಟಿದೆ. ಅಲ್ಲಿ ಬೆಳಗ್ಗೆ ನಲವತ್ತು ಜನ ವಿದ್ಯಾರ್ಥಿಗಳು ನಿಲ್ಲುತ್ತೇವೆ. ಎಂಟೂ ಹತ್ತರ ಬಸ್ಸು ತುಂಬಿಕೊಂಡು ಬರುತ್ತೆ, ನಿಲ್ಲಲ್ಲ. ಎಂಟೂ ಐವತ್ತರದ್ದು ಮುಂದಕ್ಕೆ ಹೋಗಿ ನೂರು ಮೀಟರ್ ಆಚೆ ನಿಲ್ಲುತ್ತೆ. ಓಡಿದವರಿಗೆ ಬಸ್ಸು. ಮೊದಲ ಪೀರಿಯಡ್ ದಿನಾ ತಪ್ಪಿ ನನ್ನ ಹಾಜರಿ ಶೇಕಡ ಅರವತ್ತೊಂದಕ್ಕೆ ಬಂತು. ಎಪ್ಪತ್ತೈದು ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲ್ಲ. ಅರ್ಜಿ ಕೊಟ್ಟೆವು, ಮೂರು ಸಲ. ಡಿಪೋದವರು ಕಾಲೇಜಿನ ಕಡೆ ಕೈ ತೋರಿಸಿದರು, ಕಾಲೇಜಿನವರು ಡಿಪೋ ಕಡೆ.

ನವೆಂಬರ್ ಹದಿನಾರರಂದು ನನ್ನ ಗೆಳತಿ ಮುಬಶ್ಶಿರಾ ಬಸ್ಸಿನ ಹಿಂದೆ ಓಡಿ ಕಂಬಿ ಹಿಡಿದಳು, ಬಸ್ಸು ಹೊರಟಿತು. ಬಲಗೈ ಎರಡು ಕಡೆ ಮುರಿಯಿತು. ತರಗತಿಗೇ ಮೊದಲು ಬರುತ್ತಿದ್ದವಳು ಅವಳು. ಈಗ ಅವರ ಮನೆಯಲ್ಲಿ ಓದು ಸಾಕು ಅಂದಿದ್ದಾರೆ. ಅವಳು ಬಿದ್ದದ್ದಕ್ಕೆ ನಾವು ಕೂತೆವು, ನಾವು ಕೂತದ್ದಕ್ಕೆ ಅವಳ ಓದು ನಿಂತಿತು. ನನ್ನ ಜೊತೆ ಮಾತಾಡಬಾರದು ಅಂತ ಅವಳಿಗೆ ಹೇಳಿದ್ದಾರೆ.

ವಿದ್ಯಾರ್ಥಿ ಸಂಘಟನೆಯ ಅಣ್ಣಂದಿರು ರಾಮನಗರದಿಂದ ಬಂದು ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅಮಾನತಿನ ದಿನದಿಂದ ಅವರೂ ಇಲ್ಲ.

ಇಲ್ಲಿ ಅತ್ತೆ ಬೆಳಗ್ಗೆ ಫ್ಯಾಕ್ಟರಿ ಕ್ಯಾಂಟೀನಿನ ಕೆಲಸಕ್ಕೆ ಹೋದರೆ ಬರುವುದು ಆರಕ್ಕೆ. ಕೊಳಚೆ ತುಂಬಿದ ಕೆರೆಯ ಮೇಲಿಂದ ಗಾಳಿ ಬೀಸಿದರೆ ವಾಸನೆಗೆ ಕಿಟಕಿ ಹಾಕಿಕೊಂಡು ಕೂರುತ್ತೇನೆ. ಇಡೀ ದಿನ ಒಂದು ಮಾತೂ ಆಡದೆ ಸಂಜೆಯಾಗುತ್ತೆ. ಇದನ್ನು ನಿಮಗೆ ಯಾಕೆ ಬರೆದೆನೋ. ಬೇರೆ ಏನೂ ಬರೆಯಬೇಡಿ ಅಂದಿದ್ದಿರಿ.

ಚೈತ್ರಾ


ಅಕ್ಕೂರು
2-1-2025

ಚೈತ್ರಾಗೆ,

ಕೇಳಿದ್ದಕ್ಕೆ ನೀನು ಉತ್ತರ ಕೊಡಲಿಲ್ಲ. ಗೆಳತಿ ಯಾರನ್ನೋ ಕಾಪಾಡ್ತಿದ್ದೀಯ ಅಂತ ಗೊತ್ತಾಯ್ತದೆ. ಇರ್ಲಿ. ನನ್ನ ಮಗಳಿಗಿಂತ ಚಿಕ್ಕೋಳು, ಅದ್ಕೆ ಏಕವಚನದಾಗೆ ಬರೀತೀನಿ.

ನಾನೂ ಒಂದು ಹೇಳಿಲ್ಲ. ಇಪ್ಪತ್ತೊಂಬತ್ತು ವರ್ಸ ಬಸ್ಸು ಓಡಿಸಿದೋನು ನಾನು. ನಿಮ್ಮೂರ ಗೇಟು ನಂಗೆ ಚೆನ್ನಾಗಿ ಗೊತ್ತು, ದೊಡ್ಡದೊಂದು ಹುಣಸೆ ಮರ, ಪಕ್ಕದಾಗೆ ಬೋರ್‌ವೆಲ್ಲು. ಐಕ್ಳು ಕೈ ಒಡ್ಡೋವು. ನಾನು ಬಲಗಡೆ ಎಳ್ಕಂಡು ಹೋಗ್ಬುಡ್ತಿದ್ದೆ. ಒಂದಿನ ಅಲ್ಲ, ನೂರಾರು ದಿನ. ನಿಲ್ಸಿದ್ರೆ ಒಳಗಿರೋರು ಬಯ್ಯೋರು, ಲೇಟಾದ್ರೆ ಮೆಮೊ. ಪಾಸಿನ ಮಕ್ಳು ತಾನೇ ಅನ್ನೋದೂ ಇತ್ತು, ಸುಳ್ಯಾಕೆ. ಕನ್ನಡಿಯಾಗೆ ನೋಡಿದ್ರೆ ದೂಳಲ್ಲಿ ಬ್ಯಾಗು ಹೊತ್ಕಂಡು ನಿಂತಿರೋವು. ಕನ್ನಡಿ ನೋಡೋದ ಬುಟ್ಟೆ. ಮುಬಶ್ಶಿರಾ ಅನ್ನೋ ಮಗೀದು ಓದಿ ಅವತ್ತು ಅನ್ನ ಸೇರಲಿಲ್ಲ.

ಹೊಸ ವರ್ಸಕ್ಕೆ ಒಂದು ವಾರ ಮುಂಚೆ ಆರೇಳು ಜನ ಬಂದಿದ್ರು, ಜೀಪಲ್ಲಿ. ‘ಶಿಸ್ತು ಕಾಪಾಡಿ’ ಅಂತ ಟೌನಲ್ಲಿ ಸಭೆ ಮಾಡ್ತಾರಂತೆ, ನಾನು ಸ್ಟೇಜ್ ಮೇಲೆ ಕುಂತ್ಕಬೇಕಂತೆ. ನಾನು ಉಸಿರು ಬುಡೋದ್ರೊಳಗೆ ಫ್ಲೆಕ್ಸೂ ಮಾಡಿಸ್ಬುಟ್ಟವ್ರೆ. ಕೆಂಚಿ ಫೋಟೋ ಹಾಕವ್ರೆ. ಮಗಳು ಸೌಮ್ಯನ ಮದ್ವೇಲಿ ತೆಗ್ದಿದ್ದು ಅದು, ನಾವಿಬ್ರೂ ನಿಂತಿರೋದು. ನನ್ನ ಕತ್ತರಿಸಿ ತಗ್ದವ್ರೆ. ಆದ್ರೆ ಅವಳ ಹೆಗಲ ಮೇಲೆ ನಾನಿಟ್ಟಿದ್ದ ಕೈ ಅಂಗೇ ಉಳ್ಕಂಡೈತೆ, ನಾಕು ಬೆಳ್ಳು. ಬಸ್ ಸ್ಟಾಂಡ್ ಎದುರಿಗೆ ಕಟ್ಟವ್ರೆ. ಬಿಸಿಲಿಗೆ ಇಬ್ಬನಿಗೆ ನಿಂತವ್ಳೆ ಅವಳು, ಯಾರದೋ ಕೈ ಹೊತ್ಕಂಡು. ನಾನು ಸಭೆಗೆ ಹೋಗ್ಲಿಲ್ಲ.

ಆ ಹುಡ್ಗಿ ಯಾವ ಜನ ಅಂತಾನೂ ಕೇಳಿದ್ರು. ನಾನು ವಿಚಾರಿಸಿಲ್ಲ ಅಂದೆ.

ಜನವರಿ ಇಪ್ಪತ್ತಕ್ಕೆ ನಿಮ್ಮ ಕಾಲೇಜಿನೋರು ವಿಚಾರಣೆಗೆ ಬರಕ್ಕೆ ಹೇಳವ್ರೆ, ನನ್ನೂ ಸಾಬೀರನ್ನೂ. ಹೋಗ್ತೀನಿ.

ಅಲ್ಲಿ ಒಬ್ಳೇ ಕುಂತ್ಕಂಡು ಅದ್ನೇ ಗ್ಯಾನ ಮಾಡಿ ಕೊರಗ್ಬೇಡ. ಅತ್ತೆ ಮನೇಲಿ ಒಸಿ ಕೆಲ್ಸ ಮಾಡು.

ಕರಿಯಪ್ಪ


ಬೈರಮಂಗಲ
9 ಜನವರಿ 2025

ಕರಿಯಪ್ಪನವರಿಗೆ,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ನಾನು ಯಾರನ್ನೋ ಕಾಪಾಡುತ್ತಿದ್ದೇನೆ ಅಂತ ಬರೆದಿದ್ದೀರಿ. ನೀವು ಹಾಗೆ ಒಳ್ಳೆಯದಾಗಿ ಅಂದುಕೊಂಡ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಹಳದಿ ವೇಲಿನವಳು ನಾನೇ.

ಸಾಬೀರ್ ಅಣ್ಣ ಬಂದದ್ದು ಚೆನ್ನಾಗಿ ನೆನಪಿದೆ. ಬೆವೆತಿದ್ದರು. ‘ಅಮ್ಮಂಗೆ ಎದೆ ನೋವು, ಒಸಿ ದಾರಿ ಬುಡವ್ವ’ ಅಂದರು. ಅದಕ್ಕೆ ಮುಂಚೆ ಇಬ್ಬರು ಬಂದು ಪೇಶೆಂಟ್ ಇದ್ದಾರೆ ಅಂತ ಹೇಳಿದ್ದರು. ನಮ್ಮ ಹುಡುಗರು ಹೋಗಿ ನೋಡಿದರೆ ಒಂದರಲ್ಲಿ ಬರೀ ಎಳನೀರು, ಇನ್ನೊಂದರಲ್ಲಿ ಮದುವೆಗೆ ಹೊರಟವರು. ಮೂರನೆಯವರೂ ಹಾಗೇ ಅಂದುಕೊಂಡೆ. ಒಬ್ಬರನ್ನು ಕಳಿಸಿ ನೋಡಿಸಬಹುದಿತ್ತು. ನೋಡಿಸಲಿಲ್ಲ. ಆ ಹೊತ್ತಿಗೆ ಸರಿಯಾಗಿ ಡಿಪೋ ಅಧಿಕಾರಿಯ ಜೀಪು ದೂರದಲ್ಲಿ ಕಾಣಿಸಿತು. ಎಷ್ಟೋ ತಿಂಗಳಿಂದ ನಮ್ಮ ಅರ್ಜಿ ಓದದವರು ನಮ್ಮ ಕಡೆಗೆ ಬರುತ್ತಿದ್ದರು. ಈಗ ಎದ್ದರೆ ಎಲ್ಲ ಹೋಯಿತು ಅನ್ನಿಸಿತು. ‘ಐದು ನಿಮಿಷ ಅಣ್ಣ’ ಅಂದೆ. ಅವರು ಕೈ ಮುಗಿದರು. ನಾನು ಮೈಕಿನ ಕಡೆ ತಿರುಗಿಕೊಂಡೆ.

ಅಧಿಕಾರಿಯ ಮಾತು ಮುಗಿಯುವವರೆಗೆ ನನಗೆ ಅವರ ನೆನಪೇ ಆಗಲಿಲ್ಲ.

ಇದನ್ನು ಅಪ್ಪನಿಗೂ ಹೇಳಿಲ್ಲ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಅಟೆಂಡರ್. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನು. ಎಲ್ಲರ ಮುಂದೆ ತಲೆ ತಗ್ಗಿಸಿ ‘ನನ್ನ ಮಗಳು ಅಂಥವಳಲ್ಲ’ ಅನ್ನುತ್ತಿದ್ದಾರೆ. ನಾನು ಅಂಥವಳೇ ಅಂತ ಹೇಗೆ ಹೇಳಲಿ?

ನೀವು ಬಸ್ಸು ನಿಲ್ಲಿಸದೆ ಹೋಗುತ್ತಿದ್ದುದನ್ನು ಬರೆದಿರಿ. ನಿಮ್ಮ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕನ್ನಡಿ ನೋಡುವುದನ್ನು ಬಿಟ್ಟೆ ಅಂದಿರಲ್ಲ, ಅದು ನನಗೆ ಅರ್ಥವಾಯಿತು.

ಇಪ್ಪತ್ತನೆಯ ತಾರೀಕು ವಿಚಾರಣೆಯಲ್ಲಿ ನೀವು ಏನು ಹೇಳಬೇಕೋ ಹೇಳಿ. ಈ ಪತ್ರವನ್ನು ತೋರಿಸಿದರೂ ಸರಿ.

ಚೈತ್ರಾ


ಬೈರಮಂಗಲ
14 ಫೆಬ್ರವರಿ 2025

ಕರಿಯಪ್ಪನವರಿಗೆ,

ಒಂದು ತಿಂಗಳು ಕಾದೆ. ನಿಮ್ಮಿಂದ ಪತ್ರವಿಲ್ಲ. ಕಾಲೇಜಿನಿಂದ ಬಂತು.

ಉಳಿದಿಬ್ಬರಿಗೆ ಎಚ್ಚರಿಕೆ ಕೊಟ್ಟು ಒಳಗೆ ಸೇರಿಸಿಕೊಂಡಿದ್ದಾರೆ. ನನ್ನ ವರ್ಷ ಹೋಯಿತು. ಜುಲೈನಲ್ಲಿ ಮತ್ತೆ ಕೊನೆಯ ವರ್ಷಕ್ಕೆ ಸೇರಬಹುದಂತೆ, ಮುಚ್ಚಳಿಕೆ ಬರೆದುಕೊಟ್ಟರೆ.

ನನ್ನ ಪತ್ರವನ್ನು ನೀವು ಅಲ್ಲಿ ಕೊಟ್ಟಿರಬೇಕು. ಕೊಡಿ ಅಂತ ನಾನೇ ಬರೆದಿದ್ದೆ, ಹಾಗಾಗಿ ದೂರುವ ಹಕ್ಕು ನನಗಿಲ್ಲ. ಆದರೂ ಕೊಡಲಾರಿರಿ ಅಂತ ಒಳಗೆಲ್ಲೋ ಅಂದುಕೊಂಡಿದ್ದೆ. ಯಾಕೆ ಹಾಗಂದುಕೊಂಡೆನೋ. ನಾನು ನಿಮಗೆ ಯಾರು?

ಇನ್ನು ತೊಂದರೆ ಕೊಡುವುದಿಲ್ಲ.

ಚೈತ್ರಾ


ಅಕ್ಕೂರು
3-3-2025

ಚೈತ್ರಾಗೆ,

ನಿನ್ನ ಕಾಗದ ನಾನು ಯಾರಿಗೂ ಕೊಟ್ಟಿಲ್ಲ. ನನ್ನ ಟ್ರಂಕಲ್ಲೇ ಐತೆ. ಮೈಕಲ್ಲಿ ಮಾತಾಡಿದ ವಿಡಿಯೋ ಇಟ್ಕಂಡು ಅವರು ಮೊದ್ಲೇ ನಿನ್ನ ತೀರ್ಮಾನ ಮಾಡಿದ್ರು.

ನೀನೇ ಅಂತ ಓದಿದ ದಿನ ಕಾಗದ ಹರಿದಾಕ್ಬೇಕು ಅಂತಿದ್ದೆ. ಹೊಲದ ತನಕ ಹೋದೆ, ಬಂದೆ. ಸಾಬೀರನ್ನ ಕರ್ದು ಕುಂಡ್ರಿಸ್ಕಂಡು ‘ಆ ಹುಡ್ಗಿ ನಗ್ತಿದ್ಳಾ’ ಅಂತ ಕೇಳಿದೆ. ‘ಇಲ್ಲ ಮಾಮ, ಅವಳ ಗಂಟ್ಲು ಒಡೆದೋಗಿತ್ತು’ ಅಂದ. ಅದನ್ನ ಕೇಳಿ ಹೆಂಗೋ ಆಯ್ತು. ನಗ್ತಿದ್ಳು ಅಂದಿದ್ರೆ ಚೆನ್ನಾಗಿತ್ತು.

ಇಪ್ಪತ್ತನೇ ತಾರೀಕು ಹೋದೊ. ಮೂರು ಜನ ಮೇಷ್ಟ್ರು, ಟೈಪ್ ಮಾಡಿದ ಹಾಳೆ ಮೊದ್ಲೇ ರೆಡಿ ಇತ್ತು. ‘ವಿದ್ಯಾರ್ಥಿಗಳ ತಡೆಯಿಂದಲೇ ಸಾವು’ ಅಂತ. ಸೈನ್ ಹಾಕಿ ಅಂದ್ರು. ಸಾಬೀರನ್ನ ಫೋಟೋ ತೋರಿಸಿ ಕೇಳಿದ್ರು, ಅವನು ನನ್ನ ಮುಖ ನೋಡಿದ. ನಾನು ತಲೆ ಎತ್ತಲಿಲ್ಲ. ‘ಗೊತ್ತಾಗ್ತಿಲ್ಲ ಸಾರ್’ ಅಂದ್ಬುಟ್ಟ.

ಆಗ ನಾನು ಬಾಯಿ ಬುಟ್ಟೆ. ಇದ ನಿಂಗೂ ಹೇಳಿರಲಿಲ್ಲ ಕಣವ್ವ, ಯಾರಿಗೂ ಹೇಳಿರಲಿಲ್ಲ.

ಕೆಂಚಿಗೆ ನೋವು ಬಂದಿದ್ದು ಬೆಳಗ್ಗೆ ಆರಕ್ಕೆ. ಎದೆ ಹಿಂಡ್ದಂಗಾಯ್ತದೆ ಅಂದ್ಳು. ಗ್ಯಾಸು ಕಣೆ, ಒಸಿ ಜೀರಿಗೆ ನೀರು ಕುಡಿ ಅಂದೆ. ಅಂದೋನೇ ಟೀ ಅಂಗಡಿಗೆ ಹೋದೆ. ಎಂಟು ಗಂಟೆ ತನಕ ಪೇಪರ್ ಓದ್ಕಂಡು ಕುಂತಿದ್ದೆ. ಬಂದು ನೋಡಿದ್ರೆ ಗೋಡೆಗೆ ಒರಗಿ ಕುಂತವ್ಳೆ, ಸೀರೆ ಎಲ್ಲ ಬೆವರು. ‘ಹೋಗಾನ’ ಅಂದೆ. ‘ನೀವು ಉಂಡ್ಕಳಿ, ಆಮೇಲೆ ಹೋದ್ರಾಯ್ತು’ ಅಂದ್ಳು. ನಾನು ಉಂಡೆ. ಅವಳು ಅಂಗಂದ್ಳು ಅಂತ ಕುಂತ್ಕಂಡು ಉಂಡೆ. ಸಾಬೀರನ ಗಾಡಿ ಹತ್ತಿದಾಗ ಒಂಬತ್ತಾಗಿತ್ತು. ಡಾಕ್ಟ್ರು ಮೊದ್ಲು ಕೇಳಿದ್ದೇ ನೋವು ಎಷ್ಟೊತ್ತಿಗೆ ಶುರುವಾಯ್ತು ಅಂತ. ಆರು ಗಂಟೆ ಅಂದೆ. ಅವರು ನನ್ನ ನೋಡಿದ್ರು.

ಇದನ್ನ ಅಲ್ಲಿ ಹೇಳಿದೆ. ಬರ್ಕತಿದ್ದ ಮೇಷ್ಟ್ರು ಪೆನ್ನು ಕೆಳಗಿಟ್ಟು ‘ಅದು ಈ ವಿಚಾರಣೆಗೆ ಬರಲ್ಲ’ ಅಂದ್ರು. ನಾನು ಸೈನ್ ಹಾಕಲಿಲ್ಲ. ಆಮೇಲೆ ಅದನ್ನೇ ಪೇಪರ್ನೋರಿಗೆ ಬರ್ದು ಕಳಿಸ್ದೆ. ಹದಿನೈದು ದಿನ ಇಟ್ಕಂಡಿದ್ದು ಮೂಲೇಲಿ ಆರು ಸಾಲು ಹಾಕಿದ್ರು.

ಆರು ಸಾಲು ಸಾಕಾಯ್ತು. ಹುಡುಗ್ರು ತಾವ ದುಡ್ಡು ತಿಂದವ್ನೆ ಅಂದ್ರು ಊರಲ್ಲಿ. ನನ್ನ ಮಗಳು ಸೌಮ್ಯ, ಮಾಗಡಿ ಕಡೆ ಕುದೂರಿಗೆ ಕೊಟ್ಟಿರೋದು, ಅಳಿಯ ಲೋಕೇಶನ ಗೊಬ್ಬರದ ಅಂಗಡಿ ಬಸ್ ಸ್ಟಾಂಡ್ ತಾವಲೇ ಐತೆ. ಓದ್ಬುಟ್ಟು ಫೋನ್ ಮಾಡಿದ್ಳು. ‘ಮೂರು ಗಂಟೆ ಹೊತ್ತು ಅವ್ವನ್ನ ಅಂಗೇ ಬುಟ್ಟಿದ್ಯೇನಪ್ಪ’ ಅಂದ್ಳು. ಹ್ಞೂ ಅಂದೆ. ಇಟ್ಬುಟ್ಳು. ಆಮೇಲೆ ನಾನು ಮಾಡಿದ್ರೆ ಎತ್ತಲ್ಲ.

ನಿನ್ನ ಕ್ಷಮಿಸ್ದೆ ಅಂತ ಬರೆಯಕ್ಕೆ ನಂಗೆ ಕೈ ಬರಲ್ಲ. ಆ ಗಾಡೀಲಿ ಅವಳ ತಲೆ ನನ್ನ ತೊಡೆ ಮೇಲಿತ್ತು. ಆದ್ರೆ ನಿನ್ನದು ಇಪ್ಪತ್ತೈದು ನಿಮಿಷ, ನನ್ನದು ಮೂರು ಗಂಟೆ. ಪೇಪರ್ನಾಗೆ ನಿನ್ನದೊಂದೇ ಹಾಕಿಸ್ದೆ.

ತೊಂದ್ರೆ ಕೊಡಲ್ಲ ಅಂದ್ಯಲ್ಲ. ತೊಂದ್ರೆ ಏನಿಲ್ಲ. ಬರಿ.

ಕರಿಯಪ್ಪ


ಬೈರಮಂಗಲ
12 ಮಾರ್ಚ್ 2025

ಕರಿಯಪ್ಪನವರಿಗೆ,

ಏನು ಬರೆಯಲಿ ಅಂತ ಮೂರು ಹಾಳೆ ಹರಿದೆ. ಮೂರು ಗಂಟೆಯ ಬಗ್ಗೆ ಏನೂ ಹೇಳಲಾರೆ. ‘ನಿಮ್ಮ ತಪ್ಪಿಲ್ಲ’ ಅಂತ ನಾನು ಬರೆದರೆ ನನ್ನ ತಪ್ಪನ್ನು ಒರೆಸಿಕೊಂಡ ಹಾಗಾಗುತ್ತೆ.

ಹೋದ ತಿಂಗಳು ನಿಮ್ಮ ಮೇಲೆ ಅನುಮಾನ ಪಟ್ಟೆ. ಅದಕ್ಕೆ ತಪ್ಪಾಯಿತು.

ಬಿಡದಿಯಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ಪರೀಕ್ಷೆ ಹತ್ತಿರ, ನನ್ನ ವಯಸ್ಸಿನವರೇ ನೋಟ್ಸು ತಂದು ಜೆರಾಕ್ಸ್ ಮಾಡಿಸುತ್ತಾರೆ. ನಾನು ಓದಬೇಕಿದ್ದ ಪಾಠಗಳು ನನ್ನ ಕೈಯಲ್ಲೇ ಬಿಸಿಬಿಸಿಯಾಗಿ ಹೊರಗೆ ಬರುತ್ತವೆ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಹಾಳಾದ ಪ್ರತಿಗಳನ್ನು ಓದುತ್ತೇನೆ.

ಅಡುಗೆ ಯಾರು ಮಾಡುತ್ತಾರೆ ನಿಮಗೆ?

ಚೈತ್ರಾ


ಅಕ್ಕೂರು
4-4-2025

ಚೈತ್ರಾಗೆ,

ಅಡುಗೆ ನಾನೇ. ಮುದ್ದೆ ತಿರುವಕ್ಕೆ ಬತ್ತದೆ, ಡ್ಯೂಟೀಲಿ ಕಲ್ತಿದ್ದು. ಸಾರೇ ಒಂದೊಂದಿನ ಒಂದೊಂದು ಥರ ಆಯ್ತದೆ. ಉಪ್ಪು ಅವಳು ಕೈಯಲ್ಲೇ ಹಾಕೋಳು. ನನ್ನ ಕೈ ದೊಡ್ಡದು.

ಯುಗಾದಿ ಆಯ್ತು. ಸೌಮ್ಯ ಬರಲಿಲ್ಲ. ಹಬ್ಬದ ದಿನ ಎಣ್ಣೆ ಹಚ್ಕಂಡು ಬಿಸಿಲಲ್ಲಿ ಕುಂತಿದ್ದೆ. ಬೆನ್ನಿಗೆ ಹಚ್ಚೋರಿರಲಿಲ್ಲ, ಕೈ ಎಟುಕ್ದಷ್ಟು ಹಚ್ಕಂಡೆ. ಒಬ್ಬಟ್ಟು ಸಾಬೀರನ ಹೆಂಡ್ತಿ ಕೆಹಕಶಾನ್ ಮಾಡಿ ಕಳಿಸಿದ್ಳು. ಆವಮ್ಮ ಕೆಂಚಿ ತಾವ ಕಲ್ತಿದ್ದು. ಬಾಯಿಗಿಟ್ರೆ ಅದೇ ರುಚಿ. ಒಂದು ತಿಂದೆ, ಮಿಕ್ಕಿದ್ದು ಇಳೀಲಿಲ್ಲ.

ಪೋಸ್ಟ್‌ಮನ್ ಅನಂತರಾಜು ದಿನಾ ಹನ್ನೊಂದಕ್ಕೆ ಬತ್ತಾನೆ. ಮೊದ್ಲು ನಾನು ಅವನ ಕಡೆ ತಿರುಗಿ ನೋಡಿದೋನಲ್ಲ. ಇವಾಗ ಸೈಕಲ್ ಸದ್ದಿಗೆ ಜಗುಲಿಗೆ ಬತ್ತೀನಿ. ‘ಇಲ್ಲ ಕರಿಯಪ್ಪಣ್ಣ’ ಅಂತ ದೂರದಿಂದ್ಲೇ ಕೈ ಆಡಿಸ್ತಾನೆ.

ಹಾಳಾದ ಕಾಪಿ ಓದ್ಬೇಡ ಮಗಾ. ಪುಸ್ತಕ ತಗಂಡು ಓದು.

ಕರಿಯಪ್ಪ


ಬಿಡದಿ
10 ಏಪ್ರಿಲ್ 2025

ಕರಿಯಪ್ಪನವರಿಗೆ,

ನಿಮ್ಮನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಹೇಳಿಬಿಡುತ್ತೇನೆ, ಆಮೇಲೆ ಬಯ್ಯಿರಿ.

ಸೌಮ್ಯ ಅಕ್ಕನಿಗೆ ಪತ್ರ ಬರೆದೆ, ಕುದೂರಿನ ಅಂಗಡಿಯ ವಿಳಾಸಕ್ಕೆ. ಐದು ನಿಮಿಷ ಅಂದವಳು ನಾನೇ, ನನ್ನನ್ನು ಬಯ್ಯಿರಿ ಅಂತ ಬರೆದೆ. ನೀವು ವಿಚಾರಣೆಯಲ್ಲಿ ನಿಜ ಹೇಳಿದ್ದನ್ನು, ಸೈನ್ ಹಾಕದಿದ್ದನ್ನು ಬರೆದೆ. ಬೆನ್ನಿಗೆ ಎಣ್ಣೆ ಹಚ್ಚುವವರಿಲ್ಲ ಅಂದದ್ದನ್ನೂ ಬರೆದುಬಿಟ್ಟೆ.

ಇವತ್ತು ಬೆಳಗ್ಗೆ ಅಪ್ಪ ಅಂಗಡಿಗೆ ಬಂದಿದ್ದರು. ಅವರಿಗೂ ಎಲ್ಲ ಹೇಳಿದೆ. ಹೊರಡುವಾಗ ನನ್ನ ಫೋನನ್ನು ಮೇಜಿನ ಮೇಲಿಟ್ಟು ಹೋದರು. ಕ್ಷಮಿಸಿ ಕೊಟ್ಟರೋ, ಇನ್ನು ನೀನುಂಟು ನಿನ್ನ ಪಾಡುಂಟು ಅಂತ ಕೊಟ್ಟರೋ ಗೊತ್ತಾಗಲಿಲ್ಲ.

ನನಗೆ ಪತ್ರವೇ ಅಭ್ಯಾಸವಾಗಿದೆ. ನಿಮಗೆ ಫೋನ್ ಮಾಡುವುದಿಲ್ಲ.

ಚೈತ್ರಾ


ಅಕ್ಕೂರು
9-6-2025

ಚೈತ್ರಾಗೆ,

ಎರಡು ತಿಂಗಳಾಯ್ತು. ದಿನಾ ಬರೆಯಾನ ಅಂತ ಕುಂತ್ಕತಿದ್ದೆ.

ನಿನ್ನ ಕಾಗದ ಸೌಮ್ಯಂಗೆ ಸೇರ್ತು. ಅವಳು ತಿಂಗಳು ಹೊತ್ತು ಇಟ್ಕಂಡಿದ್ಳು. ಮೇ ಕೊನೇಲಿ ಬಸ್ಸಲ್ಲಿ ಒಬ್ಳೇ ಬಂದ್ಳು, ಕೈಯಾಗೆ ಅದೇ ಕಾಗದ. ಒಳಗೆ ಬರದೆ ಜಗುಲಿ ಮೇಲೆ ನಿಂತ್ಕಂಡು ‘ಈ ಹುಡ್ಗಿಗೂ ನಿಂಗೂ ಏನಪ್ಪಾ’ ಅಂತ ಕೇಳಿದ್ಳು. ಟ್ರಂಕಿಂದ ನಿನ್ನ ಕಾಗದ ಎಲ್ಲ ತಗ್ದು ಮುಂದಿಟ್ಟೆ. ಅಲ್ಲೇ ಕುಂತ್ಕಂಡು ಎಲ್ಲ ಓದಿದ್ಳು. ಓದಿ ಜೋರಾಗಿ ಅತ್ಬುಟ್ಳು. ಅವರವ್ವ ಹೋದ ದಿನಾನೂ ಅಂಗೆ ಅತ್ತಿರಲಿಲ್ಲ.

ಆಮೇಲೆ ಹೇಳಿದ್ಳು. ಅವತ್ತು ಬೆಳಗ್ಗೆ ಏಳು ಗಂಟೆಗೆ ಕೆಂಚಿ ಅವಳಿಗೆ ಫೋನ್ ಮಾಡಿದ್ಳಂತೆ. ನಾನು ಟೀ ಅಂಗಡೀಲಿದ್ದಾಗ. ಮಗೂನ ಸ್ಕೂಲಿಗೆ ರೆಡಿ ಮಾಡ್ತಿದ್ದೀನಿ, ಆಮೇಲೆ ಮಾಡ್ತೀನಿ ಅವ್ವ ಅಂತ ಇವಳು ಇಟ್ಬುಟ್ಟಿದ್ಳು. ಏನಕ್ಕೆ ಮಾಡಿದ್ದೆ ಅಂತ ಕೇಳಲಿಲ್ಲ. ಇಷ್ಟು ದಿನ ಗಂಡಂಗೂ ಹೇಳಿರಲಿಲ್ಲವಂತೆ. ‘ನಿನ್ನ ಬೈದೆ, ನನ್ನ ಬೈಕಳಕ್ಕೆ ಆಗದೆ’ ಅಂದ್ಳು. ತಲೆ ಸವರ್ದೆ. ಚಿಕ್ಕೋಳಿದ್ದಾಗ ಸವರ್ದಿದ್ದು, ಆಮೇಲೆ ಅದೇ ಮೊದ್ಲು.

ನನ್ನ ಕುದೂರಿಗೆ ಕರ್ಕಂಡು ಹೋಯ್ತಾಳೆ. ಮೊಮ್ಮಗಳನ್ನ ಸ್ಕೂಲ್ ವ್ಯಾನಿಗೆ ಬುಟ್ಟು ಬರೋದು, ಅಂಗಡೀಲಿ ಒಸಿ ಕುಂತಿರೋದು. ಹೊಲ ಸಾಬೀರ ನೋಡ್ಕತಾನೆ. ಗುರುವಾರ ಹೋಗೋದು.

ಒಂದು ಮಾತು ಇಸ್ಕಂಡವ್ಳೆ ನನ್ನ ತಾವ. ನಿನ್ನ ಮೇಲೆ ಕೋಪ ಇಲ್ಲ ಅಂದ್ಳು. ‘ಆದ್ರೆ ಆ ಹುಡ್ಗಿ ಅಕ್ಷರ ಕಂಡ್ರೆ ಅವ್ವ ಗಾಡೀಲಿ ಮಲಗಿರೋದೇ ಕಣ್ಮುಂದೆ ಬತ್ತದೆ ಅಪ್ಪ. ಅವ್ವ ಹೋದ್ಮೇಲೆ ನಿನ್ನ ಕಷ್ಟಸುಖ ಎಲ್ಲ ಅವಳಿಗೆ ಬರ್ದೆ, ನಂಗೆ ಒಂದು ಮಾತು ಹೇಳಲಿಲ್ಲ. ಇನ್ನು ಬರೀಬೇಡ’ ಅಂದ್ಳು. ಆಯ್ತು ಅಂದೆ. ಮಗಳು ಕಣವ್ವ. ನೀನು ಬರೆದ ಕಾಗದದಿಂದ್ಲೇ ಬಂದೋಳು. ಅವಳಿಗೆ ಇಲ್ಲ ಅಂತ ಹೆಂಗನ್ಲಿ?

ನಂಗೂ ಒಂದು ಹೇಳೋದೈತೆ. ಅನಂತರಾಜು ದೂರದಿಂದ ಕಾಗದ ಎತ್ತಿ ತೋರಿಸಿದ್ರೆ ಖುಷಿ ಆಗೋದು. ಆದ ತಕ್ಷಣ ಕೆಂಚಿ ನೆನಪಾಗೋಳು. ಅವಳನ್ನ ತಡೆದ ಹುಡ್ಗಿ ಕಾಗದಕ್ಕೆ ಕಾದ್ಕಂಡು ಕುಂತಿದ್ದೀನಲ್ಲ ಅಂತ ನಾಚ್ಕೆ ಆಗೋದು. ಎರಡೂ ಒಟ್ಟಿಗೆ ಆಗೋವು. ಅದು ತಪ್ಪೋ ಸರಿಯೋ ನಂಗೆ ಗೊತ್ತಿಲ್ಲ.

ಹೋದ ಸೋಮವಾರದಿಂದ ಬೆಳಗ್ಗೆ ಏಳೂ ಮುಕ್ಕಾಲಿಗೆ ಒಂದು ಬಸ್ಸು ಹೆಚ್ಚಿಗೆ ಬುಟ್ಟವ್ರೆ. ನಿಮ್ಮೂರ ಗೇಟಲ್ಲಿ ಸ್ಟಾಪು ಐತೆ. ನಾನೇ ಹತ್ತಿ ನೋಡ್ಕಂಡು ಬಂದೆ. ನಿಲ್ಲಿಸ್ದ, ಎಲ್ಲ ಹತ್ತೋ ತನಕ ನಿಲ್ಲಿಸಿದ್ದ. ಬಸ್ಸು ತಂದೋರು ನಾವೇ ಅಂತ ಯಾರ್ಯಾರೋ ಫ್ಲೆಕ್ಸ್ ಕಟ್ಟವ್ರೆ. ಅದ್ರಾಗೆ ನಿನ್ನ ಹೆಸರಿಲ್ಲ. ಕೆಂಚಿದೂ ಇಲ್ಲ.

ಜುಲೈಗೆ ಕಾಲೇಜು ಸೇರು. ಮುಚ್ಚಳಿಕೆ ಕೇಳಿದ್ರೆ ಬರ್ಕೊಡು, ಹಟ ಮಾಡ್ಬೇಡ. ಓದು ಮುಗಿಸು.

ನಾನು ಹೋದ್ಮೇಲೆ ಇಲ್ಲಿ ಬೀಗ. ಇದ್ಕೆ ಉತ್ತರ ಬರೀಬೇಡ. ಬರೀಬೇಡ ಅಂತ ಹೇಳಕ್ಕೇ ಇಷ್ಟುದ್ದ ಬರ್ದೆ.

ಕರಿಯಪ್ಪ